ಹರಿತ ಯಾರ ಹೊಣೆ?

ಐಚ್ಛಿಕ ಕನ್ನಡದ ಉತ್ತರ ಪತ್ರಿಕೆಗಳಲ್ಲಿ ‘ಹರಿತವಾದ ಶೈಲಿ’, ‘ಮೊನಚಾದ ವ್ಯಂಗ್ಯ’, ‘ಹದವರಿತ ಭಾಷೆ’, ‘ಪ್ರತಿಭೆಗೆ ಸಾಣೆ ಹಿಡಿದ ಕವಿ’ ಎಂಬ ಮಾತುಗಳಿಗೆ ಎಂದೂ ಬರಗಾಲವಿಲ್ಲ. ವಿಮರ್ಶೆಯ ಪರಿಭಾಷೆಯಲ್ಲಿ ಒಂದು ಒಳ್ಳೆಯ ಪಾಲು ಕಮ್ಮಾರನ ಕುಲುಮೆಯಿಂದಲೂ ಅಡುಗೆಮನೆಯ ಮಸೆಗಲ್ಲಿನಿಂದಲೂ ಬಂದದ್ದು. ಆ ಮಾತುಗಳನ್ನು ಬರೆಯುವ ಕೈ ಜೀವನದಲ್ಲಿ ಒಮ್ಮೆಯಾದರೂ ಒಂದು ಕತ್ತಿಯನ್ನು ಮಸೆದದ್ದುಂಟೇ ಎಂದು ಕೇಳಿದರೆ ತರಗತಿಯಲ್ಲಿ ಮೌನ ನೆಲೆಸುತ್ತದೆ. ಮೌನಕ್ಕೆ ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಮನೆಯ ಚಾಕು ಮೊಂಡಾದರೆ ಹೊಸದನ್ನು ತರುವ ಕಾಲದಲ್ಲಿ ಅವರು ಬೆಳೆದಿದ್ದಾರೆ. ಆದರೂ ವಸ್ತು ಕೈಬಿಟ್ಟು ಹೋದ ಮೇಲೆ ಅದರ ರೂಪಕ ಎಷ್ಟು ದಿನ ಬಾಳೀತು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ.

‘ಹರಿತ’ ಎಂಬ ಪದವನ್ನೇ ನೋಡಬಹುದು. ಇದು ಸಂಸ್ಕೃತದ ಹಸಿರು ಎಂಬರ್ಥದ ಹರಿತವಲ್ಲ. ಸೀಳು, ಕಡಿ ಎಂಬರ್ಥದ ಕನ್ನಡದ ‘ಹರಿ’ಯ ಸಂತಾನ. ‘ಹದ’ವಂತೂ ಇನ್ನೂ ವಿಶಾಲವಾದದ್ದು. ಉಳುವ ಮಣ್ಣಿಗೆ ಹದ, ಬೇಯುವ ಪಾಕಕ್ಕೆ ಹದ, ತೊಗಲಿಗೆ ಹದ, ಕಾದ ಕಬ್ಬಿಣಕ್ಕೆ ಹದ. ಒಕ್ಕಲಿಗ, ಅಡುಗೆಯವಳು, ಮಾದಿಗ, ಕಮ್ಮಾರ ಈ ನಾಲ್ವರೂ ತಂತಮ್ಮ ಕಸುಬಿನ ಕಟ್ಟಕಡೆಯ ಜ್ಞಾನಕ್ಕೆ ಒಂದೇ ಪದವನ್ನು ಬಳಸಿದರು. ನಾಲ್ವರಿಂದಲೂ ಅದನ್ನು ಎರವಲು ಪಡೆದ ವಿಮರ್ಶಕ ಮಾತ್ರ ಯಾರಿಂದ ಪಡೆದೆನೆಂದು ಹೇಳುವ ಗೋಜಿಗೆ ಹೋಗಲಿಲ್ಲ.

ಈ ಮಾತು ಈಗ ಬರಲು ಒಂದು ಕಾರಣವಿದೆ. ಕೈಯಿಂದ ಕತ್ತಿ ಮಾಡುವುದು ಈಚಿನ ವರ್ಷಗಳಲ್ಲಿ ಓದುಬರಹ ಬಲ್ಲವರ ಹವ್ಯಾಸವಾಗಿದೆ. ಮನೆಯ ಹಿತ್ತಿಲಿನಲ್ಲಿ ಒಂದು ಗ್ಯಾಸಿನ ಒಲೆ, ಒಂದು ತುಂಡು ರೈಲು ಕಂಬಿ, ಹಳೆಯ ಲಾರಿಯ ಕಮಾನು ಪಟ್ಟಿ, ಒಂದು ಸಾಣೆಯಂತ್ರ ಇಷ್ಟಿದ್ದರೆ ಆರಂಭಿಸಬಹುದು. ಇದರ ಸದ್ಯದ ಅಲೆ ಅಮೆರಿಕದಿಂದ ಬಂದದ್ದು. ವಿಲಿಯಂ ಮೊರಾನ್ ಎಂಬ ಕತ್ತಿಗಾರ 1973ರಲ್ಲಿ ಎರಡು ಬಗೆಯ ಲೋಹವನ್ನು ಪದರಪದರವಾಗಿ ಬೆಸೆದು ನೀರಿನ ಅಲೆಯಂಥ ಚಿತ್ತಾರವುಳ್ಳ ಅಲಗುಗಳನ್ನು ಅಲ್ಲಿನ ಪ್ರದರ್ಶನವೊಂದರಲ್ಲಿ ಇಟ್ಟ. 1976ರಲ್ಲಿ ಅಲಗು ಬಡಿಯುವವರದೇ ಒಂದು ಸಂಘ ಹುಟ್ಟಿತು. ಆ ಸಂಘದ ಪರೀಕ್ಷೆ ಕುತೂಹಲಕರವಾದದ್ದು: ಅಭ್ಯರ್ಥಿ ಮಾಡಿದ ಕತ್ತಿ ತೂಗುಬಿಟ್ಟ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು, ಮರದ ತುಂಡನ್ನು ಕಡಿಯಬೇಕು, ಆಮೇಲೂ ತೋಳಿನ ಕೂದಲನ್ನು ಬೋಳಿಸುವಷ್ಟು ಹರಿತವಾಗಿರಬೇಕು, ಕೊನೆಗೆ ತೊಂಬತ್ತು ಡಿಗ್ರಿಗೆ ಬಗ್ಗಿಸಿದರೂ ಮುರಿಯಬಾರದು. ಗಡಸು ಮತ್ತು ಬಾಗು, ಒಂದಕ್ಕೊಂದು ಹಗೆಯಾದ ಎರಡು ಗುಣಗಳು ಒಂದೇ ಅಲಗಿನಲ್ಲಿ ಕೂಡಿರಬೇಕು. ಕನ್ನಡದಲ್ಲಿ ಹೇಳುವುದಾದರೆ ಇದು ಹದದ ಪರೀಕ್ಷೆ.

ಮಾರುಕಟ್ಟೆಯಲ್ಲಿ ‘ದಮಾಸ್ಕಸ್ ಉಕ್ಕು’ ಎಂದು ಮಾರಾಟವಾಗುವುದು ಬಹುತೇಕ ಈ ಬಗೆಯ ಬೆಸೆದ ಲೋಹವೇ. ಹೆಸರು ತಂದುಕೊಟ್ಟ ಹಳೆಯ ಉಕ್ಕು ಬೇರೆ. ಅದು ದಕ್ಷಿಣ ಭಾರತದ ಮೂಸೆಗಳಲ್ಲಿ ಕಬ್ಬಿಣವನ್ನು ಸೊಪ್ಪುಸದೆ, ಕಟ್ಟಿಗೆಯೊಡನೆ ಮುಚ್ಚಿ ಕಾಸಿ ಕರಗಿಸಿ ಪಡೆದ ಗಟ್ಟಿ. ಅದರ ಚಿತ್ತಾರ ಬೆಸುಗೆಯಿಂದ ಬಂದದ್ದಲ್ಲ, ಲೋಹ ನಿಧಾನವಾಗಿ ತಣಿಯುವಾಗ ಒಳಗಿನಿಂದಲೇ ಮೂಡಿದ್ದು. ಮೈಸೂರು ಸೀಮೆಯಲ್ಲಿ ಅದನ್ನು ಮಾಡುತ್ತಿದ್ದ ಕ್ರಮವನ್ನು ಫ್ರಾನ್ಸಿಸ್ ಬುಕಾನನ್ 1800-01ರ ತನ್ನ ಪ್ರವಾಸದ ವರದಿಯಲ್ಲಿ ವಿವರಿಸಿದ್ದಾನೆ. ಮುಂಬಯಿಯಿಂದ ಲಂಡನ್ನಿಗೆ ಹೋದ ಮಾದರಿಗಳನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್ 1795ರಲ್ಲಿ ಅದನ್ನು ‘ವೂಟ್ಸ್’ ಎಂದು ಕರೆದ. ಕನ್ನಡ, ತೆಲುಗುಗಳ ‘ಉಕ್ಕು’ ಕಿವಿಯಿಂದ ಕಿವಿಗೆ, ಅಕ್ಷರದಿಂದ ಅಕ್ಷರಕ್ಕೆ ದಾಟುವಾಗ ಹೀಗೆ ವಿಕಾರಗೊಂಡಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮೈಕೆಲ್ ಫ್ಯಾರಡೆಯಂಥವನು ಅದರ ಗುಟ್ಟು ಅರಿಯಲು ಕೆಲವು ವರ್ಷ ಶ್ರಮಿಸಿದ. ಇಂದು ಬೆಂಗಳೂರಿನ ಹವ್ಯಾಸಿಯೊಬ್ಬ ಅದೇ ಗುಟ್ಟನ್ನು ಇಂಗ್ಲಿಷ್ ವಿಡಿಯೋಗಳಲ್ಲಿ ಹುಡುಕುತ್ತಾನೆ. ತನ್ನ ಊರಿನ ಕಮ್ಮಾರನ ಮಗನನ್ನು ಕೇಳಲು ಅವನಿಗೆ ತೋಚುವುದಿಲ್ಲ.

ತೋಚದಿರುವುದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಕನ್ನಡನಾಡಿನ ಗಡಿಯಾಚೆಗಿನ ಒಂದು ಊರು ಹೆಚ್ಚು ಪಾಠ ಹೇಳುತ್ತದೆ. ನೀಲಗಿರಿ ಜಿಲ್ಲೆಯ ಕುಂದಾ ಸೀಮೆಯ ಮಂಜೂರು ಚಹಾ ತೋಟಗಳ ಊರು. ಉದಕಮಂಡಲಕ್ಕೆ ಹೋಗುವ ಪ್ರವಾಸಿಗಳು ಸಾಮಾನ್ಯವಾಗಿ ಅತ್ತ ತಿರುಗುವುದಿಲ್ಲ. ಸುತ್ತಲಿನ ಹಟ್ಟಿಗಳಲ್ಲಿ ಬಡಗರಿದ್ದಾರೆ. ‘ಬಡಗ’ ಎಂದರೆ ಬಡಗಣದವನು, ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವನು. ಅವರ ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಭಾಷಾವಿಜ್ಞಾನದ ತರಗತಿಯಲ್ಲಿ ಮುಗಿಯುವುದಿಲ್ಲ. ಅದೇ ಕುಂದಾ ಸೀಮೆಯಲ್ಲಿ ಕೋತರ ಏಳು ಊರುಗಳಲ್ಲಿ ಒಂದಾದ ಕುಂದಾ ಕೋತಗಿರಿ ಇದೆ. ಎಲ್ಲ ಊರುಗಳನ್ನು ಸೇರಿಸಿದರೂ ಕೋತರ ಸಂಖ್ಯೆ ಎರಡು ಸಾವಿರದ ಆಸುಪಾಸು. ಆದರೆ ನೀಲಗಿರಿಯ ಇಡೀ ಬೆಟ್ಟಸಾಲಿಗೆ ಕಬ್ಬಿಣದ ಕೆಲಸ ಮಾಡಿಕೊಟ್ಟವರು ಅವರು. ಗಂಡಸರು ಕಬ್ಬಿಣ, ಬೆಳ್ಳಿ, ಮರದ ಕೆಲಸದವರು ಮತ್ತು ವಾದ್ಯಗಾರರು, ಹೆಂಗಸರು ಕುಂಬಾರಿಕೆಯವರು.

ಕೋತರ ನುಡಿಯನ್ನು ಲೋಕಕ್ಕೆ ಪರಿಚಯಿಸಿದವರು ಎಂ. ಬಿ. ಎಮೆನೋ. 1930ರ ದಶಕದಲ್ಲಿ ಅವರು ಸಂಗ್ರಹಿಸಿದ ಕೋತ ಪಠ್ಯಗಳು 1944-46ರಲ್ಲಿ ಪ್ರಕಟವಾದವು; ಅವರು ಟಿ. ಬರೋ ಅವರೊಡನೆ ಸೇರಿ ರಚಿಸಿದ ದ್ರಾವಿಡ ವ್ಯುತ್ಪತ್ತಿ ಕೋಶ 1961ರಲ್ಲಿ ಬಂತು. ಕನ್ನಡ ವಿಭಾಗದ ವಿದ್ಯಾರ್ಥಿ ಆ ಕೋಶದಲ್ಲಿ ‘ಕುಲುಮೆ’ಯನ್ನು ಹುಡುಕಿ ನೋಡಬೇಕು. ತಮಿಳು, ಮಲಯಾಳಗಳ ‘ಕೊಲ್ಲನ್’, ಕನ್ನಡದ ‘ಕೊಲಿಮೆ’, ‘ಕುಲುಮೆ’ಗಳ ಜೊತೆಗೇ ಕೋತ ಭಾಷೆಯ ‘ಕೊಲೇಲ್’ ಸಿಗುತ್ತದೆ. ಅದರ ಅರ್ಥ ಕುಲುಮೆಯ ಮನೆ. ಅದಕ್ಕಿರುವ ಇನ್ನೊಂದು ಅರ್ಥ, ಕೋತರ ಊರಿನ ಗುಡಿ. ಕಬ್ಬಿಣ ಕಾಸುವ ಮನೆಗೂ ದೇವರ ಮನೆಗೂ ಅವರಿಗೆ ಎರಡು ಪದ ಬೇಕಾಗಲಿಲ್ಲ. ಮರಾಠಿ ಬಲ್ಲವರಿಗೆ ಇದು ಅಷ್ಟೇನೂ ವಿಚಿತ್ರವೆನಿಸದು. 1965ರ ‘ಸಾಧೀ ಮಾಣಸಂ’ ಚಿತ್ರದ, ಇಂದಿಗೂ ಎಲ್ಲರ ಬಾಯಲ್ಲಿರುವ ಹಾಡೊಂದು ಲೋಹಾರನ ಅಡಿಗಲ್ಲನ್ನೇ ದೇವರೆಂದು ಕರೆದು ಬೇಡಿಕೊಳ್ಳುತ್ತದೆ. ‘ಕತ್ತಿ’ ಎಂಬ ಪದವೂ ಹೀಗೆಯೇ ದಕ್ಷಿಣದ ಸಮಾನ ಸ್ವತ್ತು. ತಮಿಳು, ಮಲಯಾಳ, ತುಳು, ಕೊಡವ, ತೆಲುಗು, ಬಡಗ ಎಲ್ಲವೂ ಅದನ್ನೇ ಹೇಳುತ್ತವೆ; ಕೋತ, ತೋಡಗಳಲ್ಲೂ ಅದರದೇ ರೂಪಗಳಿವೆ.

ಮುಖ್ಯವಾದ ಸಂಗತಿ ಪದದಾಚೆಗಿದೆ. ಒಂದು ಬಡಗ ಮನೆತನಕ್ಕೆ ಒಂದು ಕೋತ ಮನೆತನ ಎಂಬಂತೆ ಸಂಬಂಧ ತಲೆಮಾರುಗಳಿಂದ ನಡೆದುಬಂದಿತ್ತು. ಕೋತ ಮನೆಯವರು ಕತ್ತಿ, ಕುಡುಗೋಲು, ಕೊಡಲಿ, ಗುದ್ದಲಿಗಳನ್ನು ಮಾಡಿಕೊಡಬೇಕು. ಬಡಗರ ಮನೆಯ ಸಾವಿಗೆ ವಾದ್ಯ ನುಡಿಸಬೇಕು. ಬೆಳೆ ಬಂದಾಗ ಬಡಗ ಮನೆಯವರು ಧಾನ್ಯದ ಪಾಲು ಕೊಡಬೇಕು. ತೋಡರು, ಕುರುಂಬರು ಕೂಡ ಕಬ್ಬಿಣಕ್ಕೆ ಕೋತರನ್ನೇ ನಂಬಿದ್ದರು. ಬಯಲುಸೀಮೆಯ ವಿದ್ಯಾರ್ಥಿಗೆ ಇದು ಹೊಸದಲ್ಲ. ಕನ್ನಡದ ಹಳ್ಳಿಗಳಲ್ಲಿ ಇದಕ್ಕೆ ‘ಆಯ’ ಎಂದರು, ಕಮ್ಮಾರ ಹನ್ನೆರಡು ಆಯಗಾರರಲ್ಲಿ ಒಬ್ಬ. ಕೃಷ್ಣೆಯ ಆಚೆಯ ಮರಾಠಿ ಸೀಮೆಯಲ್ಲಿ ‘ಬಲುತೆ’ ಎಂದರು, ಲೋಹಾರ ಬಾರಾ ಬಲುತೇದಾರರಲ್ಲಿ ಒಬ್ಬ.

ಈ ವ್ಯವಸ್ಥೆಯಲ್ಲಿ ಧಾನ್ಯ ಯಾವುದಕ್ಕೆ ಬೆಲೆಯಾಗಿತ್ತು ಎಂಬುದನ್ನು ಸ್ವಲ್ಪ ನಿಂತು ಯೋಚಿಸಬೇಕು. ಕತ್ತಿಗೆ ಎಂದು ಥಟ್ಟನೆ ಉತ್ತರ ಬರುತ್ತದೆ. ಆದರೆ ಒಂದು ಕತ್ತಿ ಹತ್ತಾರು ವರ್ಷ ಬಾಳುತ್ತದೆ, ಧಾನ್ಯವೋ ವರ್ಷ ವರ್ಷ ಹೋಗುತ್ತಿತ್ತು. ಅದು ಕತ್ತಿಯ ಬೆಲೆಯಾಗಿರಲಿಲ್ಲ, ಕತ್ತಿ ಹರಿತವಾಗಿ ಉಳಿಯುವುದರ ಬೆಲೆಯಾಗಿತ್ತು. ಮೊಂಡಾದರೆ ಮತ್ತೆ ಕಾಸಿ ಬಾಯಿ ಬಡಿದುಕೊಡುವುದು, ಹಿಡಿ ಸಡಿಲವಾದರೆ ಬೇರೆ ಹಾಕುವುದು, ಸವೆದ ಕುಡುಗೋಲಿಗೆ ಉಕ್ಕಿನ ತುಂಡು ಬೆಸೆಯುವುದು ಎಲ್ಲವೂ ಆ ಕೊಳಗದಲ್ಲಿ ಅಡಕವಾಗಿದ್ದವು. ಮಾಡಿದವನಿಗೂ ಮಾಡಿದ ವಸ್ತುವಿಗೂ ಸಂಬಂಧ ಮಾರಾಟದೊಂದಿಗೆ ಕಡಿಯುತ್ತಿರಲಿಲ್ಲ. ಹಾಳಾಗುವ ಕತ್ತಿ ಮಾಡಿದರೆ ಕಮ್ಮಾರನಿಗೇ ಹೆಚ್ಚು ಕೆಲಸ. ಆದ್ದರಿಂದ ಒಳ್ಳೆಯ ಕತ್ತಿ ಮಾಡುವುದು ಅವನ ಸ್ವಾರ್ಥವೂ ಹೌದು. ಇಂದಿನ ಅಂಗಡಿಯ ಚಾಕುವಿನ ಲೆಕ್ಕ ಇದಕ್ಕೆ ತಿರುಗುಮುರುಗಾದದ್ದು: ಬೇಗ ಮೊಂಡಾದಷ್ಟೂ ಮಾರುವವನಿಗೆ ಲಾಭ.

ಇಷ್ಟು ಹೇಳಿ ಹಳೆಯ ಕಾಲವನ್ನು ಕೊಂಡಾಡಿ ಬಿಟ್ಟರೆ ಅರ್ಧ ಸತ್ಯ ಹೇಳಿದಂತೆ. ಕತ್ತಿ ಕೊಟ್ಟ ಕೋತನನ್ನು ಕತ್ತಿ ಪಡೆದವರು ಕೀಳಾಗಿ ಕಂಡರು. ಅವನ ಆಹಾರವನ್ನು ಹೀಯಾಳಿಸಿದರು, ಅವನೊಡನೆ ಕೂತು ಉಣ್ಣಲಿಲ್ಲ. 1937-38ರಲ್ಲಿ ಕೋತರ ನಡುವೆ ಇದ್ದು ಅಧ್ಯಯನ ಮಾಡಿದ ಡೇವಿಡ್ ಮ್ಯಾಂಡಲ್‌ಬಾಂ ಕಂಡದ್ದು ಆ ಹಳೆಯ ಸಂಬಂಧ ಕುಸಿಯುತ್ತಿದ್ದ ಹೊತ್ತನ್ನು. ಬಜಾರಿನಲ್ಲಿ ಕಬ್ಬಿಣದ ಸಾಮಾನು ಸಿಗತೊಡಗಿತ್ತು. ಬಡಗರಲ್ಲಿ ಸುಧಾರಣೆ ಬಯಸಿದವರಿಗೆ ಕೋತ ವಾದ್ಯ ಬೇಡವಾಯಿತು. ಕೋತರಲ್ಲೂ ಹಳೆಯ ಅವಮಾನ ನುಂಗಿಕೊಂಡಿರಲು ಒಪ್ಪದವರು ಹುಟ್ಟಿದ್ದರು. ಎಮೆನೋ, ಮ್ಯಾಂಡಲ್‌ಬಾಂ ಇಬ್ಬರಿಗೂ ನೆರವಾದ ಸುಲ್ಲಿ ಎಂಬ ಕೋತ ಅಂಥವನು. ಮ್ಯಾಂಡಲ್‌ಬಾಂ 1960ರಲ್ಲಿ ಅವನ ಬಗ್ಗೆ ಬರೆದ ಲೇಖನ ಅವನನ್ನು ತನ್ನ ಜನರ ಸುಧಾರಕನೆಂದೇ ಕರೆಯುತ್ತದೆ. ಕುಲುಮೆ ಬಿಡುವುದು ಅವರಲ್ಲಿ ಹಲವರಿಗೆ ನಷ್ಟವಾಗಿ ಕಂಡಿರಲಾರದು. ಕೆಳಗಿಟ್ಟವರ ಕೆಲಸವನ್ನು ಕೆಳಗೇ ಬಿಟ್ಟು ಬೇಸಾಯಕ್ಕೋ ನೌಕರಿಗೋ ಹೋದವರನ್ನು ‘ಕಲೆ ಮರೆತಿರಿ’ ಎಂದು ಆಕ್ಷೇಪಿಸುವ ಹಕ್ಕು ಹೊರಗಿನವರಿಗಿಲ್ಲ.

ಹವ್ಯಾಸಿಗೆ ಕಮ್ಮಾರನ ಮಗನನ್ನು ಕೇಳಲು ತೋಚದಿರುವುದರ ಮೂಲ ಇಲ್ಲಿದೆ. ಕುಲಕಸುಬಾಗಿದ್ದಾಗ ಮಸಿ ಹತ್ತಿದ ಕೆಲಸ, ಹವ್ಯಾಸವಾದಾಗ ಕುಶಲಕಲೆ. ಬೆಳಗಾವಿ, ಕೊಲ್ಲಾಪುರಗಳ ಕಡೆಯ ರಸ್ತೆ ಬದಿಯಲ್ಲಿ ಗುಡಾರ ಹೂಡುತ್ತಿದ್ದ ಘಿಸಾಡಿಗಳನ್ನು, ಬೈಲು ಕಮ್ಮಾರರನ್ನು ಹಿರಿಯರು ನೋಡಿರುತ್ತಾರೆ. ಗಂಡ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಕೂತರೆ ಹೆಂಡತಿ ನಿಂತು ದೊಡ್ಡ ಸುತ್ತಿಗೆ ಬೀಸುತ್ತಿದ್ದಳು. ಮಗು ತಿದಿ ಒತ್ತುತ್ತಿತ್ತು. ಅವರ ಬಳಿ ಕುಡುಗೋಲು ಕೊಂಡವರು ಎಷ್ಟೋ, ಅವರನ್ನು ಹೆಸರು ಕೇಳಿದವರು ಎಷ್ಟೋ. ಹವ್ಯಾಸಿಯ ಅಲಗಿನ ಮೇಲಾದರೆ ಅವನ ಹೆಸರಿನ ಮುದ್ರೆಯೇ ಇರುತ್ತದೆ.

ಹಾಗಾದರೆ ಹವ್ಯಾಸ ಬೇಡವೇ? ಬೇಕು. ಕುಲದ ಗಂಟು ಬಿಚ್ಚಿ ಕೆಲಸವನ್ನು ಯಾರು ಬೇಕಾದರೂ ಕೈಗೆತ್ತಿಕೊಳ್ಳುವಂತಾದದ್ದು ಸಣ್ಣ ಲಾಭವಲ್ಲ. ಆದರೆ ಆ ಹಳೆಯ ಒಪ್ಪಂದದಲ್ಲಿದ್ದ ಒಂದು ಒಳ್ಳೆಯದನ್ನು, ಹರಿತದ ಹೊಣೆಯನ್ನು, ಹವ್ಯಾಸಿ ಹೊತ್ತುಕೊಳ್ಳಬೇಕು. ಇಂದು ನಡೆಯುತ್ತಿರುವುದು ಬಹುಮಟ್ಟಿಗೆ ಇದರ ವಿರುದ್ಧ. ಚಿತ್ತಾರದ ಅಲಗು ಮಾಡಿ, ಫೋಟೋ ತೆಗೆದು, ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು, ಮುಂದಿನ ಅಲಗಿಗೆ ಹೋಗುತ್ತಾರೆ. ಒಂದು ಹಾಗಲಕಾಯಿಯನ್ನೂ ಹೆಚ್ಚದ ಕತ್ತಿಯ ಹದ ಮಾಡಿದವನಿಗೂ ಗೊತ್ತಾಗುವುದಿಲ್ಲ. ಹವ್ಯಾಸ ಆರಂಭವಾಗಬೇಕಾದದ್ದು ಕುಲುಮೆಯಿಂದಲ್ಲ, ಮನೆಯಲ್ಲಿ ಈಗಾಗಲೇ ಇರುವ ಕತ್ತಿಯಿಂದ ಮತ್ತು ಒಂದು ಮಸೆಗಲ್ಲಿನಿಂದ. ಒಂದು ವರ್ಷ ಒಂದು ಕತ್ತಿಯನ್ನು ಹರಿತವಾಗಿ ಇಟ್ಟುಕೊಂಡವನಿಗೆ ಕತ್ತಿ ಹೇಗಿರಬೇಕೆಂಬುದು ತಿಳಿದಿರುತ್ತದೆ. ಆಮೇಲೆ ಸುತ್ತಿಗೆ ಹಿಡಿಯಲಿ.

ಮಂಜೂರಿನಂಥ ಊರಿನಲ್ಲಿ ಈ ಹೊಣೆ ಎಷ್ಟು ದೊಡ್ಡದೆಂಬುದು ಹವೆಯಿಂದಲೇ ತಿಳಿಯುತ್ತದೆ. ಮಂಜು, ಮಳೆ, ತೇವ. ಒರೆಸದೆ ಬಿಟ್ಟ ಉಕ್ಕಿನ ಕತ್ತಿಯ ಮೇಲೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ. ಚಹಾ ಗಿಡವನ್ನು ಕೆಲವು ವರ್ಷಗಳಿಗೊಮ್ಮೆ ಸವರುವುದಕ್ಕೆ ಅಲ್ಲಿ ಕವಾತು ಎನ್ನುತ್ತಾರೆ, ಅದಕ್ಕೆ ಬಾಗಿದ ಅಲಗಿನ ಕವಾತು ಕತ್ತಿ. ಕೊಂಬೆ ಓರೆಯಾಗಿ, ನುಣುಪಾಗಿ, ಒಂದೇ ಏಟಿಗೆ ತುಂಡಾಗಬೇಕು. ಮೊಂಡು ಕತ್ತಿ ಕೊಂಬೆಯನ್ನು ಸೀಳುತ್ತದೆ. ಸೀಳಿನಲ್ಲಿ ನೀರು ನಿಂತು ಗಿಡ ಕೊಳೆಯುತ್ತದೆ. ಕತ್ತಿಯ ಹರಿತ ತಪ್ಪಿದರೆ ಮುಂದಿನ ವರ್ಷಗಳ ಇಳುವರಿಯೇ ತಪ್ಪುತ್ತದೆ. ಈಗ ಈ ಕೆಲಸಕ್ಕೆ ಯಂತ್ರಗಳೂ ಬಂದಿವೆ.

ಚಹಾ ಮತ್ತು ಕಬ್ಬಿಣದ ನಡುವೆ ಇನ್ನೊಂದು ನಂಟಿದೆ. ಚಹಾದ ಒಗರು, ಅಂದರೆ ಟ್ಯಾನಿನ್, ಕಬ್ಬಿಣಕ್ಕೆ ತಾಗಿದರೆ ಕಪ್ಪು ಪೊರೆ ಕಟ್ಟುತ್ತದೆ. ಹಳೆಯ ಕಾಲದ ಶಾಯಿಯೂ ಅಳಲೆಕಾಯಿಯ ಒಗರಿನಿಂದ ಇದೇ ಬಗೆಯಲ್ಲಿ ಆದದ್ದು. ಈ ಕಪ್ಪು ತುಕ್ಕಲ್ಲ. ಕೆಂಪು ತುಕ್ಕಿನ ದಾಳಿಯನ್ನು ಕೊಂಚ ತಡೆಯುತ್ತದೆ ಕೂಡ. ವಿದೇಶದ ಹವ್ಯಾಸಿಗಳು ಹೊಸ ಅಲಗನ್ನು ಗಟ್ಟಿ ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿಟ್ಟು ಈ ಬಣ್ಣ ಬರಿಸುತ್ತಾರೆ. ನಮ್ಮ ಮನೆಗಳಲ್ಲಿ ಮಾವಿನಕಾಯಿ, ಬಾಳೆಕಾಯಿ ಹೆಚ್ಚಿದ ಈಳಿಗೆ ಕಪ್ಪಾದರೆ ಹುಣಿಸೆಹಣ್ಣು ಹಚ್ಚಿ ಉಜ್ಜಿ ಬೆಳ್ಳಗೆ ಮಾಡಿದ ಮೇಲೆಯೇ ಸಮಾಧಾನ. ಎರಡು ದಿನಕ್ಕೆ ಅದು ಕೆಂಪಾಗುತ್ತದೆ. ಕಪ್ಪನ್ನು ಬಿಟ್ಟು ಕೆಂಪನ್ನು ತೊಲಗಿಸುವುದು ಕತ್ತಿ ಸಾಕುವವರ ಮೊದಲ ಪಾಠ.

ಹಿಡಿಯ ಕಥೆ ಬೇರೆ. ಅಲಗಿನ ಬಾಲವನ್ನು ಕೆಂಪಗೆ ಕಾಸಿ ಮರದ ಹಿಡಿಯೊಳಗೆ ಸುಟ್ಟು ಇಳಿಸಿ, ಸಂದಿಗೆ ಅರಗು ತುಂಬಿ, ಬಾಯಿಗೆ ಲೋಹದ ಬಳೆ ತೊಡಿಸುವುದು ಹಳ್ಳಿಯ ಕ್ರಮ. ನೀಲಗಿರಿಯಲ್ಲಿ ಕೈಗೆ ಸುಲಭವಾಗಿ ಸಿಗುವ ಮರ ಯೂಕಲಿಪ್ಟಸ್. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯದಿಂದ ಬಂದು ಆ ಬೆಟ್ಟಗಳನ್ನು ಆವರಿಸಿದ ಈ ಮರಕ್ಕೆ ಕನ್ನಡಿಗರು ಬೆಟ್ಟದ ಹೆಸರನ್ನೇ ಇಟ್ಟು ‘ನೀಲಗಿರಿ ಮರ’ ಎಂದುಬಿಟ್ಟರು. ಹಸಿಯಾಗಿದ್ದಾಗ ಹಿಡಿ ಮಾಡಿದರೆ ಒಣಗುವಾಗ ಅದು ಸೀಳುತ್ತದೆ. ವರ್ಷಗಟ್ಟಲೆ ನೆರಳಿನಲ್ಲಿ ಒಣಗಿದ ಹಲಸೋ ಬೀಟೆಯೋ ಆದರೆ ಚಿಂತೆಯಿಲ್ಲ.

ಮಸೆಯುವುದು ಮತ್ತು ಸಾಣೆ ಹಿಡಿಯುವುದು ಒಂದೇ ಅಲ್ಲ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿ ಬೇರೆಯವರಿಗಿಂತ ಮೊದಲು ಗಮನಿಸಬೇಕು. ಮಸೆ ಕನ್ನಡದ ಧಾತು, ಸಾಣೆ ಸಂಸ್ಕೃತದ ಶಾಣದಿಂದ ಬಂದದ್ದು. ಕೆಲಸದಲ್ಲೂ ಅವು ಬೇರೆ. ಸಾಣೆ ತಿರುಗುವ ಚಕ್ರ, ಬೇಗ ಕೊರೆಯುತ್ತದೆ, ಕಿಡಿ ಹಾರಿಸುತ್ತದೆ. ಕಿಡಿ ನೋಡಿ ನಿಂತವರು ಮೆಚ್ಚುತ್ತಾರೆ. ಅಷ್ಟರಲ್ಲಿ ಅಂಚು ಬಿಸಿಯಾಗಿ ನೀಲಿಗಟ್ಟಿದರೆ ಹದ ಹೋಯಿತು. ಅಂಥ ಕತ್ತಿ ಎಷ್ಟು ಮಸೆದರೂ ವಾರ ನಿಲ್ಲುವುದಿಲ್ಲ. ಮಸೆಗಲ್ಲು ನಿಧಾನದ್ದು. ಕಲ್ಲನ್ನು ಒದ್ದೆ ಮಾಡಿ, ಅಲಗನ್ನು ಹದಿನೈದು ಇಪ್ಪತ್ತು ಡಿಗ್ರಿಗಳಷ್ಟು ಮಾತ್ರ ಎತ್ತಿ, ಆ ಓರೆಯನ್ನು ಬದಲಿಸದೆ ಒಂದು ಮಗ್ಗುಲನ್ನು ಉಜ್ಜುತ್ತ ಹೋದರೆ ಇನ್ನೊಂದು ಮಗ್ಗುಲಿನ ಅಂಚಿನಲ್ಲಿ ಬೆರಳಿಗೆ ತಾಗುವಂಥ ಸಣ್ಣ ಮುರಿಕೆ ಏಳುತ್ತದೆ. ಅದು ಎದ್ದ ಮೇಲೆ ಮಗ್ಗುಲು ತಿರುಗಿಸಬೇಕು. ಕೊನೆಗೆ ತೊಗಲಿನ ಮೇಲೆ ಎಳೆದು ಆ ಮುರಿಕೆಯನ್ನು ಬೀಳಿಸಬೇಕು. ಕ್ಷೌರಿಕರು ಕತ್ತಿಯನ್ನು ತೊಗಲಿನ ಪಟ್ಟಿಗೆ ಎಳೆಯುತ್ತಿದ್ದದ್ದು ಇದಕ್ಕೇ. ‘ಹಗೆ ಮಸೆ’ ಎಂಬ ನುಡಿಗಟ್ಟಿನ ಬಲ ಈ ನಿಧಾನದಲ್ಲಿದೆ. ಹಗೆಗೆ ಯಾರೂ ಸಾಣೆ ಹಿಡಿಯುವುದಿಲ್ಲ, ದಿನ ದಿನ ಮಸೆಯುತ್ತಾರೆ.

ಒಂದು ಕಾಲಕ್ಕೆ ಹರಿತ ಉಳಿಸುವುದೇ ಒಂದು ವೃತ್ತಿಯಾಗಿತ್ತು. ಮರಾಠಿ ಸೀಮೆಯಲ್ಲೂ ಉತ್ತರ ಕರ್ನಾಟಕದಲ್ಲೂ ಇಂದಿಗೂ ಮನೆತನದ ಹೆಸರಾಗಿ ಉಳಿದಿರುವ ‘ಶಿಕಲಗಾರ’ ಎಂಬುದು ಹೊಳಪು ಕೊಡುವವನು ಎಂಬರ್ಥದ ಅರಬ್ಬಿ ಪದದಿಂದ ಬಂದದ್ದು. ಕತ್ತಿ ಮಾಡುವವನು ಬೇರೆ, ಅದನ್ನು ಬೆಳಗಿ ಮಸೆದು ಕೊಡುವವನು ಬೇರೆ. ಮರಾಠಿಯ ‘ಕೊಯ್ತಾ’ದಲ್ಲಿ ಕನ್ನಡದ ‘ಕೊಯ್’ ಧಾತು ಕಣ್ಣಿಗೆ ಹೊಡೆಯುವಂತಿದೆ. ಕಬ್ಬಿನ ಗದ್ದೆಯ ಕೂಲಿಗಳು ಗಡಿಯ ಎರಡೂ ಕಡೆ ಅದನ್ನೇ ಹೇಳುತ್ತಾರೆ. ಆದರೆ ಮರಾಠಿಯ ‘ವಿಳೀ’ ಮತ್ತು ಕನ್ನಡದ ‘ಈಳಿಗೆ’ ಕಿವಿಗೆ ಹತ್ತಿರವಾದವೆಂದು ಕೂಡಲೇ ನಂಟು ಸಾರುವ ಆತುರ ಬೇಡ. ಕಮ್ಮಾರಸಾಲೆಯಲ್ಲಿ ಮಾತ್ರ ಎರಡು ಭಾಷೆಗಳು ದೂರ ನಿಂತಿವೆ. ಕನ್ನಡದ ಅಡಿಗಲ್ಲು ಮರಾಠಿಯಲ್ಲಿ ಐರಣ, ತಿದಿ ಅಲ್ಲಿ ಭಾತಾ, ಇಕ್ಕಳ ಅಲ್ಲಿ ಸಾಂಡಸ. ಕಾದ ಅಲಗನ್ನು ಅದ್ದುವುದಕ್ಕೆ ಎರಡೂ ಕಡೆ ನೀರು ಕುಡಿಸುವುದೆಂದೇ ಹೇಳುತ್ತಾರೆ.

ನೀರು ಕುಡಿಸುವ ಕ್ಷಣ ಯಾವುದೆಂದು ಗ್ರಂಥ ಹೇಳುವುದು ಅಂಕಿಗಳಲ್ಲಿ: 770 ಡಿಗ್ರಿಯ ಸುಮಾರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅದಕ್ಕಿಂತ ತುಸು ಮೇಲೆ ಅದ್ದಬೇಕು, ಆಮೇಲೆ 200 ಡಿಗ್ರಿಯ ಸುಮಾರಿಗೆ ಮತ್ತೆ ಕಾಸಿ ಒಣಹುಲ್ಲಿನ ಹಳದಿ ಬಂದಾಗ ನಿಲ್ಲಿಸಬೇಕು, ಇಲ್ಲವಾದರೆ ಅಲಗು ಗಾಜಿನಂತೆ ಒಡೆಯುತ್ತದೆ. ಕಮ್ಮಾರ ಇದನ್ನು ಮಬ್ಬುಗತ್ತಲಲ್ಲಿ ಬಣ್ಣ ನೋಡಿ ಹೇಳುತ್ತಾನೆ. ಕುಲುಮೆಯ ಮನೆಗಳು ಕತ್ತಲಾಗಿರುತ್ತಿದ್ದುದು ಬಡತನದಿಂದಷ್ಟೇ ಅಲ್ಲ. ಬಿಸಿಲಲ್ಲಿ ಕೆಂಪಿನ ಛಾಯೆಗಳು ತಿಳಿಯುವುದಿಲ್ಲ. ಆ ಒಂದೊಂದು ಛಾಯೆಗೂ ಅವನ ಬಳಿ ಹೆಸರಿದ್ದಿರಬೇಕು. ಬರೆದುಕೊಂಡವರು ಕಡಿಮೆ.

ಆಯುಧಪೂಜೆಯಂದು ಮಾಡುವ ಒಂದು ಉಪಚಾರದ ಬಗ್ಗೆ ಇಲ್ಲೇ ಹೇಳಿಬಿಡಬಹುದು. ನೀರಿನಲ್ಲಿ ಕಲಸಿದ ಅರಿಸಿನ ಕುಂಕುಮವನ್ನು ಅಲಗಿಗೆ ಹಚ್ಚಿ ವಾರಗಟ್ಟಲೆ ಹಾಗೆಯೇ ಬಿಟ್ಟರೆ ಬೊಟ್ಟಿನ ಕೆಳಗೆ ತುಕ್ಕು ಗುಳಿ ಬೀಳುತ್ತದೆ. ಪೂಜೆಯ ಮರುದಿನ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ದೇವರು ಬೇಸರಿಸಲಾರ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೆ ಮೊದಲು ಆಯುಧಗಳನ್ನು ಶುಚಿಗೊಳಿಸುವುದೇ ಒಂದು ದೊಡ್ಡ ಕೆಲಸ.

ಕತ್ತಿ ಹಿಂಸೆಯ ವಸ್ತು, ಕಾಲೇಜಿನಲ್ಲಿ ಅದರ ಮಾತೇಕೆ ಎಂದು ಕೇಳುವವರಿರಬಹುದು. 1959ರ ಶಸ್ತ್ರಾಸ್ತ್ರ ಕಾಯಿದೆಯೇ ಮನೆಗೆಲಸ, ಬೇಸಾಯಗಳಿಗೆಂದು ಮಾತ್ರ ಮಾಡಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನಾಡಿನ ಅತಿ ಹೆಚ್ಚು ಅಲಗುಗಳು ಇರುವುದು ಅಡುಗೆಮನೆಯಲ್ಲಿ, ಅವುಗಳನ್ನು ಇಷ್ಟು ಕಾಲ ಸಾಕಿದವರು ಹೆಂಗಸರು. ಕರಾವಳಿಯ ಮೆಟ್ಟುಗತ್ತಿಯನ್ನೋ ಬಯಲುಸೀಮೆಯ ಈಳಿಗೆಮಣೆಯನ್ನೋ ಕಾಲಲ್ಲಿ ಒತ್ತಿ ಹಿಡಿದು ಒಂದು ಹಲಸಿನಹಣ್ಣನ್ನು ಬಿಡಿಸುವ ಅಜ್ಜಿಯ ಕೈಚಳಕವನ್ನು ಯಾವ ಹವ್ಯಾಸಿಯೂ ಹಗುರವಾಗಿ ಕಾಣಲಾರ. ಈ ವಿಷಯದಲ್ಲಿ ಪ್ರಶ್ನೆ ಕೇಳಬೇಕಾದರೆ ಮೊದಲು ಅವಳನ್ನೇ ಕೇಳಬೇಕು.

ಕನ್ನಡ ವಿಭಾಗಕ್ಕೆ ಇಲ್ಲಿ ಮಾಡಲು ಕೆಲಸವಿದೆ. ತೆಲುಗರು 1962ರಷ್ಟು ಹಿಂದೆಯೇ ಭದ್ರಿರಾಜು ಕೃಷ್ಣಮೂರ್ತಿಯವರ ಮುಂದಾಳತ್ವದಲ್ಲಿ ಬೇಸಾಯದ ಪದಗಳನ್ನು ಜಿಲ್ಲೆ ಜಿಲ್ಲೆಯಿಂದ ಕೂಡಿಹಾಕಿ ಮಾಂಡಲಿಕ ವೃತ್ತಿ ಪದಕೋಶದ ಮೊದಲ ಸಂಪುಟ ಹೊರತಂದರು. ಪುಸ್ತಕದಿಂದ ಪುಸ್ತಕಕ್ಕೆ ಇಳಿಸಿದ ಪದಗಳಲ್ಲ ಅವು. ಕೆಲಸಗಾರರ ಬಾಯಿಂದ ಕೇಳಿ ಬರೆದುಕೊಂಡವು. ಕಿಟೆಲ್ 1894ರ ನಿಘಂಟಿನಲ್ಲಿ ಕಮ್ಮಾರನ ಎಷ್ಟೋ ಪದಗಳಿವೆ. ಆದರೆ ಅವುಗಳಲ್ಲಿ ಯಾವುದು ಯಾವ ಊರಿನಲ್ಲಿ ಇನ್ನೂ ಬದುಕಿದೆ ಎಂಬುದನ್ನು ಊರಿಗೆ ಹೋಗಿಯೇ ತಿಳಿಯಬೇಕು. ಬರುವ ರಜೆಯಲ್ಲಿ ಐಚ್ಛಿಕ ಕನ್ನಡದ ಪ್ರತಿ ವಿದ್ಯಾರ್ಥಿಯೂ ಮನೆಯ ಒಂದು ಮೊಂಡು ಕತ್ತಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಹತ್ತಿರದ ಕುಲುಮೆಗೆ ಹೋಗಲಿ. ಕತ್ತಿಯ ಬಾಯಿ, ಬೆನ್ನು, ಬಾಲ, ಹಿಡಿ, ಬಳೆಗಳನ್ನು ಅಲ್ಲಿ ಏನೆನ್ನುತ್ತಾರೆ, ಕೆಂಪಿನ ಛಾಯೆಗಳಿಗೆ ಏನು ಹೆಸರು, ನೀರು ಕುಡಿಸುವುದಕ್ಕೆ ಏನು ಮಾತು, ಹದ ತಪ್ಪಿದ ಅಲಗಿಗೆ ಏನೆಂದು ಬೈಯುತ್ತಾರೆ ಎಂಬುದನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಲಿ. ಹೇಳಿದವರ ಹೆಸರನ್ನು, ಅವರು ಒಪ್ಪಿದರೆ, ಪದದ ಪಕ್ಕದಲ್ಲೇ ಬರೆಯಬೇಕು. ನೀಲಗಿರಿ ಕಡೆಯ ನಂಟಸ್ತಿಕೆ ಇರುವವರು ಕವಾತು ಕತ್ತಿಯನ್ನು ಮರೆಯದಿರಲಿ. ಮಸೆಸಿಕೊಂಡದ್ದಕ್ಕೆ ಕೂಲಿ ಎಷ್ಟೆಂಬುದನ್ನೂ ಬರೆದುಕೊಳ್ಳಬೇಕು, ಚೌಕಾಸಿ ಮಾಡದೆ ಕೊಟ್ಟು ಬರಬೇಕು.